ಒಬ್ಬರಿಗೂ ಬಹುವಚನ: ಇಂಗ್ಲಿಷ್ ಸರ್ವನಾಮಗಳ ಸಾವಿರ ವರ್ಷ

ಇಂದಿನ ಇಂಗ್ಲಿಷಿನ ವರ್ತಮಾನ ಕಾಲದ ಕ್ರಿಯಾಪದದಲ್ಲಿ ವಚನದ ಗುರುತು ಒಂದೇ ಕಡೆ ಉಳಿದಿದೆ. ಐ, ಯೂ, ವೀ, ದೇ ಎಂಬ ನಾಲ್ಕು ಸರ್ವನಾಮಗಳಿಗೂ ‘ಗೋ’ ಸಾಕು. ಹೀ, ಶೀ, ಇಟ್ ಬಂದಾಗ ಮಾತ್ರ ‘ಗೋಸ್’. ‘ಬಿ’ ಎಂಬ ಒಂದು ಕ್ರಿಯಾಪದ ವರ್ತಮಾನದಲ್ಲಿ ಆಮ್, ಇಸ್, ಆರ್, ಭೂತಕಾಲದಲ್ಲಿ ವಾಸ್, ವರ್ ಎಂದು ಐದು ರೂಪಗಳನ್ನು ಇಟ್ಟುಕೊಂಡಿರುವುದನ್ನು ಬಿಟ್ಟರೆ ಪಟ್ಟಿ ಅಲ್ಲಿಗೆ ಮುಗಿಯಿತು. ಬಂದೆವು, ಬಂದಿರಿ, ಬಂದಳು, ಬಂದವು ಎಂದು ಕ್ರಿಯಾಪದದಲ್ಲೇ ಕರ್ತೃವನ್ನು ಗುರುತಿಸುವ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಲಿಯುವಾಗ ಈ ಒಂಟಿ ‘ಸ್’ ಕಾಡುತ್ತದೆ. ಏಕವಚನಕ್ಕೆ ‘ಸ್’ ಎಂದು ಬಾಯಿಪಾಠ ಮಾಡಿದವರಿಗೆ ‘ಐ’ ಕೂಡ ಏಕವಚನವೇ ಅಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಎದುರಿಗೆ ಇರುವವನು ಒಬ್ಬನೇ ಆದರೂ ‘ಯೂ ಆರ್’ ಎನ್ನಬೇಕಾದದ್ದೇಕೆ ಎಂಬುದು ಎರಡನೆಯ ಪ್ರಶ್ನೆ. ಎರಡಕ್ಕೂ ವ್ಯಾಕರಣ ಪುಸ್ತಕದಲ್ಲಿ ಉತ್ತರವಿಲ್ಲ. ವೈಕಿಂಗರ ದಂಡಯಾತ್ರೆ, ಫ್ರೆಂಚ್ ಆಸ್ಥಾನದ ಮರ್ಯಾದೆ, ಸೆರೆಮನೆ ಸೇರಿದ ಕ್ವೇಕರ್ ಪಂಥದವರ ಹಟ, 18ನೇ ಶತಮಾನದ ವ್ಯಾಕರಣಕಾರರ ಶಿಸ್ತು ಇವೆಲ್ಲ ಸೇರಿ ಇಂಗ್ಲಿಷಿನ ವಚನವ್ಯವಸ್ಥೆಯನ್ನು ಇಂದಿನ ಸ್ಥಿತಿಗೆ ತಂದವು.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷ್ ಈ ವಿಷಯದಲ್ಲಿ ತುಂಬ ಅಚ್ಚುಕಟ್ಟಾಗಿತ್ತು. ‘ಪ್ರೀತಿಸು’ ಎಂಬರ್ಥದ ಕ್ರಿಯಾಪದಕ್ಕೆ ಉತ್ತಮ ಪುರುಷ ಏಕವಚನದಲ್ಲಿ ‘ಲುವಿಯೆ’, ಮಧ್ಯಮ ಪುರುಷಕ್ಕೆ ‘ಲುವಸ್ಟ್’, ಪ್ರಥಮ ಪುರುಷಕ್ಕೆ ‘ಲುವಥ್’ ಎಂಬ ರೂಪಗಳಿದ್ದವು. ಬಹುವಚನಕ್ಕೆ ಮೂರು ಪುರುಷಗಳಲ್ಲೂ ಒಂದೇ ರೂಪ, ‘ಲುವಿಯಥ್’. ಎದುರಿಗಿರುವ ಒಬ್ಬನಿಗೆ ‘ಥೂ’ (ಮುಂದೆ ಇದೇ ‘ದೌ’ ಆಯಿತು), ಹಲವರಿಗೆ ‘ಯೇ’ (ಮುಂದೆ ‘ಯೀ’). ಇಲ್ಲಿ ಗೌರವದ ಪ್ರಶ್ನೆ ಇರಲಿಲ್ಲ. ರಾಜನಾಗಲಿ ಆಳಾಗಲಿ ಒಬ್ಬನೆಂದರೆ ‘ಥೂ’. ಸಂಸ್ಕೃತ ಬಲ್ಲವರಿಗೆ ಪರಿಚಿತವಾದ ದ್ವಿವಚನವೂ ಸರ್ವನಾಮಗಳಲ್ಲಿ ಇತ್ತು: ‘ನಾವಿಬ್ಬರು’ ಎನ್ನಲು ‘ವಿಟ್’, ‘ನೀವಿಬ್ಬರು’ ಎನ್ನಲು ‘ಯಿಟ್’. ಆದರೆ ಸಂಸ್ಕೃತದಂತೆ ಕ್ರಿಯಾಪದಕ್ಕೆ ಪ್ರತ್ಯೇಕ ದ್ವಿವಚನ ರೂಪ ಇರಲಿಲ್ಲ. ಇಬ್ಬರಿದ್ದರೂ ಬಹುವಚನದ ಕ್ರಿಯಾಪದವೇ ಬರುತ್ತಿತ್ತು. 13ನೇ ಶತಮಾನ ಮುಗಿಯುವ ಹೊತ್ತಿಗೆ ಈ ದ್ವಿವಚನ ಸದ್ದಿಲ್ಲದೆ ಮರೆಯಾಯಿತು.

ಈ ವ್ಯವಸ್ಥೆಯ ದುರ್ಬಲ ಭಾಗ ಪ್ರಥಮ ಪುರುಷದಲ್ಲಿತ್ತು. ‘ಅವನು’ ಎಂಬುದಕ್ಕೆ ‘ಹೇ’, ‘ಅವಳು’ ಎಂಬುದಕ್ಕೆ ‘ಹೇಒ’, ‘ಅವರು’ ಎಂಬುದಕ್ಕೆ ‘ಹೀಎ’. ‘ಅವನಿಗೆ’ ಎಂದರೂ ‘ಹಿಮ್’, ‘ಅವರಿಗೆ’ ಎಂದರೂ ‘ಹಿಮ್’. ಪದಗಳ ಕೊನೆಯ ಸ್ವರಗಳು ಸವೆಯತೊಡಗಿದಂತೆ ಹಲವು ಸೀಮೆಗಳಲ್ಲಿ ಅವನು, ಅವಳು, ಅವರು ಮೂರೂ ಕಿವಿಗೆ ಒಂದೇ ಆಗಿ ಕೇಳಿಸುವ ಸ್ಥಿತಿ ಬಂತು. ಇದಕ್ಕೆ ಪರಿಹಾರ ಹೊರಗಿನಿಂದ ಬಂತು. 865ರಿಂದ ಡೆನ್ಮಾರ್ಕ್ ಕಡೆಯ ವೈಕಿಂಗ್ ಸೇನೆಗಳು ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳನ್ನು ಗೆದ್ದು ಅಲ್ಲೇ ನೆಲೆಸಿದವು. ಅವರಾಡುತ್ತಿದ್ದ ನಾರ್ಸ್ ಭಾಷೆಯ ‘ಥೇಯ್ರ್’ ಎಂಬ ಬಹುವಚನ ಸರ್ವನಾಮವೇ ಇಂದಿನ ‘ದೇ’. ಭಾಷೆಗಳು ನಾಮಪದಗಳನ್ನು ಧಾರಾಳವಾಗಿ ಸಾಲ ತರುತ್ತವೆ. ಸರ್ವನಾಮವನ್ನು ತರುವುದು ಬಹಳ ಅಪರೂಪ. ಗಂಡಾಳಿಗೂ ಗುಂಪಿಗೂ ವ್ಯತ್ಯಾಸ ತಿಳಿಯದಷ್ಟು ಇಕ್ಕಟ್ಟು ಬಂದದ್ದರಿಂದಲೇ ಈ ಸಾಲ ಸಾಧ್ಯವಾಯಿತು ಎಂದು ಭಾಷಾ ಇತಿಹಾಸಕಾರರು ಹೇಳುತ್ತಾರೆ.

ಹೊಸ ಸರ್ವನಾಮ ಒಮ್ಮೆಗೇ ಎಲ್ಲೆಡೆ ಹರಡಲಿಲ್ಲ. 12ನೇ ಶತಮಾನದ ಕೊನೆಯ ಭಾಗದಲ್ಲಿ ಲಿಂಕನ್‌ಶೈರ್ ಸೀಮೆಯ ಓರ್ಮ್ ಎಂಬ ಪಾದ್ರಿ ಬರೆದ ‘ಓರ್ಮ್ಯುಲಂ’ನಲ್ಲಿ ‘ದೇ’ ಆಗಲೇ ನೆಲೆಯೂರಿದೆ. ಲಂಡನ್ನಿನ ಕವಿ ಚಾಸರ್ 14ನೇ ಶತಮಾನದ ಕೊನೆಯಲ್ಲಿ ಬರೆಯುವಾಗ ಕರ್ತೃಸ್ಥಾನದಲ್ಲಿ ‘ದೇ’ ಬಳಸುತ್ತಾನೆ. ಆದರೆ ‘ಅವರನ್ನು’, ‘ಅವರ’ ಎನ್ನುವ ಕಡೆ ಹಳೆಯ ‘ಹೆಮ್’, ‘ಹಿರ್’ ರೂಪಗಳನ್ನೇ ಉಳಿಸಿಕೊಂಡಿದ್ದಾನೆ. ‘ದೆಮ್’ ಮತ್ತು ‘ದೆರ್’ ಲಂಡನ್ನಿಗೆ ತಲುಪಿ ಗಟ್ಟಿಯಾಗಲು ಇನ್ನೂ ಒಂದು ಶತಮಾನ ಹಿಡಿಯಿತು. ಇಂದು ಅಪ್ಪಟ ಇಂಗ್ಲಿಷ್ ಎಂದು ತೋರುವ ಈ ಮೂರು ಪದಗಳು ಮೂಲದಲ್ಲಿ ದಾಳಿಕೋರರ ಬಾಯಿಮಾತು.

ಕ್ರಿಯಾಪದದ ‘ಸ್’ ಕೂಡ ಉತ್ತರದಿಂದಲೇ ಇಳಿದು ಬಂದದ್ದು. ದಕ್ಷಿಣದಲ್ಲಿ ಪ್ರಥಮ ಪುರುಷ ಏಕವಚನದ ಪ್ರತ್ಯಯ ‘ಎಥ್’ ಆಗಿತ್ತು. ಉತ್ತರದ ನಾರ್ಥಂಬ್ರಿಯದಲ್ಲಿ ಮಾತ್ರ 10ನೇ ಶತಮಾನದ ಹೊತ್ತಿಗೇ ‘ಎಸ್’ ಕಾಣಿಸಿಕೊಳ್ಳುತ್ತದೆ. ಲಿಂಡಿಸ್ಫಾರ್ನ್ ಮಠದ ಲ್ಯಾಟಿನ್ ಸುವಾರ್ತೆಗಳ ಸಾಲುಗಳ ನಡುವೆ ಆಲ್ಡ್ರೆಡ್ ಎಂಬ ಪಾದ್ರಿ ಬರೆದ ಇಂಗ್ಲಿಷ್ ಅರ್ಥವಿವರಣೆಯಲ್ಲಿ ‘ಥ್’ ಮತ್ತು ‘ಸ್’ ಎರಡೂ ಬೆರೆತು ಬರುತ್ತವೆ. ಅದೂ ಏಕವಚನದಲ್ಲಿ ಮಾತ್ರವಲ್ಲ, ಬಹುವಚನದಲ್ಲೂ. ಮಧ್ಯಯುಗದ ಹೊತ್ತಿಗೆ ಬಹುವಚನದ ಕ್ರಿಯಾಪದವನ್ನು ಕೇಳಿ ಆಡಿದವನ ಊರಿನ ದಿಕ್ಕು ಹೇಳಬಹುದಿತ್ತು: ದಕ್ಷಿಣದವರಿಗೆ ‘ಎಥ್’, ನಡುನಾಡಿನವರಿಗೆ ‘ಎನ್’, ಉತ್ತರದವರಿಗೆ ‘ಎಸ್’.

ಈ ಉತ್ತರದ ‘ಸ್’ಗೆ ಆಗ ಲಂಡನ್ನಿನಲ್ಲಿ ಮರ್ಯಾದೆ ಇರಲಿಲ್ಲ. ಚಾಸರ್ ತನ್ನ ‘ಕ್ಯಾಂಟರ್ಬರಿ ಕಥೆಗಳು’ ಕೃತಿಯಲ್ಲಿ ರೀವ್ ಎಂಬ ಪಾತ್ರ ಹೇಳುವ ಕಥೆಯೊಳಗೆ ಉತ್ತರದಿಂದ ಬಂದ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳನ್ನು ತರುತ್ತಾನೆ. ಅವರ ಬಾಯಲ್ಲಿ ಕ್ರಿಯಾಪದಗಳಿಗೆ ‘ಸ್’ ಹಚ್ಚಿ ನಗೆಯೆಬ್ಬಿಸುತ್ತಾನೆ. ಧಾರವಾಡದ ಮಾತನ್ನು ಬೆಂಗಳೂರಿನ ರಂಗಭೂಮಿಯಲ್ಲೋ ಸಿನಿಮಾದಲ್ಲೋ ತಮಾಷೆಗೆ ಬಳಸಿದ ಬಗೆಯ ಹಾಸ್ಯ ಅದು. ಎರಡು ಶತಮಾನ ಕಳೆಯುವಷ್ಟರಲ್ಲಿ ಆ ನಗೆಪಾಟಲಿನ ‘ಸ್’ ರಾಜಧಾನಿಯ ಸಹಜ ಮಾತಾಗಿತ್ತು. 1611ರ ಕಿಂಗ್ ಜೇಮ್ಸ್ ಬೈಬಲ್ ಗಂಭೀರವಾದ ‘ಎಥ್’ ಅನ್ನೇ ಹಿಡಿದುಕೊಂಡಿತು. ಅದೇ ಕಾಲದ ಶೇಕ್ಸ್‌ಪಿಯರ್ ಛಂದಸ್ಸಿಗೆ ಯಾವುದು ಒಗ್ಗುತ್ತದೋ ಅದನ್ನು ಬಳಸಿದ. 1643ರಲ್ಲಿ ಕಾಗುಣಿತದ ಪುಸ್ತಕ ಬರೆದ ರಿಚರ್ಡ್ ಹಾಡ್ಜಸ್, ಜನ ಬರೆಯುವಾಗ ‘ಎಥ್’ ಎಂದು ಬರೆದರೂ ಓದುವಾಗ ‘ಸ್’ ಎಂದೇ ಉಚ್ಚರಿಸುತ್ತಾರೆ ಎಂದು ದಾಖಲಿಸಿದ್ದಾನೆ.

ಈ ಬದಲಾವಣೆಯನ್ನು ಮುಂದಕ್ಕೆ ಒಯ್ದವರು ಯಾರು ಎಂಬುದಕ್ಕೂ ಪುರಾವೆ ಸಿಕ್ಕಿದೆ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ವಾಂಸರು 15ರಿಂದ 17ನೇ ಶತಮಾನದವರೆಗಿನ ಸಾವಿರಾರು ಖಾಸಗಿ ಪತ್ರಗಳನ್ನು ಕಲೆಹಾಕಿ ಪರಿಶೀಲಿಸಿದ್ದಾರೆ. ಟೆರ್ತು ನೆವಲೈನೆನ್ ಮತ್ತು ಹೆಲೆನಾ ರೌಮೊಲಿನ್-ಬ್ರುನ್ಬೆರ್ಗ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ‘ಎಥ್’ ಬಿಟ್ಟು ‘ಸ್’ ಹಿಡಿಯುವುದರಲ್ಲಿ ಹೆಂಗಸರು ಗಂಡಸರಿಗಿಂತ ಮುಂದಿದ್ದರು. ಲ್ಯಾಟಿನ್ ಶಾಲೆಯ ಮೆಟ್ಟಿಲು ಹತ್ತಲು ಅವಕಾಶವಿಲ್ಲದಿದ್ದ ಹೆಂಗಸರ ಪತ್ರಗಳ ರೂಢಿ ಕೊನೆಗೆ ವ್ಯಾಕರಣದ ನಿಯಮವಾಯಿತು ಎಂಬುದು ಗಮನಿಸಬೇಕಾದ ಸಂಗತಿ.

ಲಂಡನ್ನಿಗೆ ಬಂದ ‘ಸ್’ ಏಕವಚನಕ್ಕೆ ಮಾತ್ರ ಅಂಟಿಕೊಂಡದ್ದು ಹೇಗೆ? ರಾಜಧಾನಿಯ ಬಹುವಚನ ರೂಪ ನಡುನಾಡಿನ ‘ಎನ್’ ಆಗಿತ್ತು. ಅದು ಸವೆಯುತ್ತ ಸವೆಯುತ್ತ 16ನೇ ಶತಮಾನಕ್ಕೆ ಇಲ್ಲವಾಯಿತು. ಬಹುವಚನದ ಕ್ರಿಯಾಪದ ಬರಿಯ ಧಾತುವಾಗಿ ಉಳಿಯಿತು. ಉತ್ತಮ ಪುರುಷದ ‘ಎ’ ಸ್ವರವೂ ಹಾಗೆಯೇ ಉದುರಿತ್ತು. ಮಧ್ಯಮ ಪುರುಷದ ‘ಎಸ್ಟ್’ ಕೂಡ ಮುಂದೆ ‘ದೌ’ ಜೊತೆಗೆ ಹೊರಟುಹೋಯಿತು. ಸುತ್ತಲಿನ ಪ್ರತ್ಯಯಗಳೆಲ್ಲ ಬಿದ್ದುಹೋದ ಮೇಲೆ ಉಳಿದದ್ದು ಪ್ರಥಮ ಪುರುಷದ ‘ಸ್’ ಒಂದೇ. ಏಕವಚನವನ್ನು ಗುರುತಿಸಲೆಂದು ಯಾರೂ ಅದನ್ನು ಆರಿಸಿ ಇಟ್ಟದ್ದಲ್ಲ.

ಉತ್ತರದಲ್ಲಿ ‘ಸ್’ ಬೇರೆಯದೇ ನಿಯಮಕ್ಕೆ ಒಳಪಟ್ಟಿತ್ತು. ಅದನ್ನು ಭಾಷಾಶಾಸ್ತ್ರದಲ್ಲಿ ಉತ್ತರದ ಕರ್ತೃನಿಯಮ ಎನ್ನುತ್ತಾರೆ. ಅಲ್ಲಿ ‘ದೇ’ ಎಂಬ ಸರ್ವನಾಮ ಕ್ರಿಯಾಪದಕ್ಕೆ ತಾಗಿಕೊಂಡೇ ಬಂದರೆ ‘ದೇ ಸಿಂಗ್’. ಅದರ ಜಾಗದಲ್ಲಿ ‘ಹಕ್ಕಿಗಳು’ ಎಂಬ ನಾಮಪದ ಬಂದರೆ ‘ಬರ್ಡ್ಸ್ ಸಿಂಗ್ಸ್’. ಕರ್ತೃ ಒಂದೋ ಹಲವೋ ಎಂಬುದಕ್ಕಿಂತ ಅದು ಸರ್ವನಾಮವೋ ನಾಮಪದವೋ ಎಂಬುದೇ ಇಲ್ಲಿ ಮುಖ್ಯ. ಮುಂದೆ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕನಾದ ಜೇಮ್ಸ್ ಮರ್ರೆ 1873ರಲ್ಲಿ ದಕ್ಷಿಣ ಸ್ಕಾಟ್ಲೆಂಡಿನ ಆಡುಮಾತಿನ ಬಗ್ಗೆ ಬರೆದ ಪುಸ್ತಕದಲ್ಲಿ ಈ ನಿಯಮವನ್ನು ಸ್ಪಷ್ಟವಾಗಿ ವಿವರಿಸಿದ್ದಾನೆ. ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡ್, ಐರ್ಲೆಂಡಿನ ಅಲ್ಸ್ಟರ್ ಪ್ರಾಂತಗಳಲ್ಲಿ ಇದು ಬದುಕಿದೆ. ಅಲ್ಲಿಂದ ವಲಸೆ ಹೋದವರ ಜೊತೆ ಅಮೆರಿಕದ ಅಪಲೇಶಿಯನ್ ಬೆಟ್ಟಗಳನ್ನೂ ಮುಟ್ಟಿತು. ಇನ್ನೊಂದು ಕಡೆ, ಇಂಗ್ಲೆಂಡಿನ ಪೂರ್ವದ ನಾರ್ಫೋಕ್ ಸೀಮೆಯಲ್ಲಿ ‘ಸ್’ ಪೂರ್ತಿ ಕಳಚಿ ಬಿದ್ದು ‘ಹೀ ಗೋ’ ಎಂಬುದೇ ರೂಢಿಯಾಯಿತು. ಶಾಲೆಯಲ್ಲಿ ಕೆಂಪು ಶಾಯಿಯ ಗೆರೆ ಬೀಳುವ ಈ ರೂಪಗಳಿಗೂ ಶತಮಾನಗಳ ವಂಶಾವಳಿ ಇದೆ.

ಮಧ್ಯಮ ಪುರುಷದ ಕಥೆ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. ಒಬ್ಬನನ್ನೇ ಬಹುವಚನದಲ್ಲಿ ಕರೆಯುವ ಪದ್ಧತಿ ಯುರೋಪಿನಲ್ಲಿ ರೋಮನ್ ಚಕ್ರವರ್ತಿಗಳ ಕೊನೆಗಾಲದಲ್ಲಿ, ನಾಲ್ಕನೇ ಶತಮಾನದ ಸುಮಾರಿಗೆ ಶುರುವಾಯಿತು ಎಂದು ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರ ಪ್ರಸಿದ್ಧ ಲೇಖನದಲ್ಲಿ ಹೇಳಿದ್ದಾರೆ. ಲ್ಯಾಟಿನ್ನಿನ ಆ ರೂಢಿ ಫ್ರೆಂಚಿಗೆ ಇಳಿಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದ ಭಾಷೆ ಫ್ರೆಂಚ್ ಆಯಿತು. 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲೂ ದೊಡ್ಡವರಿಗೆ ‘ಯೀ’, ‘ಯೂ’ ಎನ್ನುವ ಮರ್ಯಾದೆ ಬಂದಿತ್ತು. ಮೇಲಿನವರು ಕೆಳಗಿನವರಿಗೆ ‘ದೌ’ ಎನ್ನುವುದು, ಕೆಳಗಿನವರು ಮೇಲಿನವರಿಗೆ ‘ಯೂ’ ಎನ್ನುವುದು, ಪ್ರೇಮಿಗಳು ಮತ್ತು ಆಪ್ತರು ಪರಸ್ಪರ ‘ದೌ’ ಎನ್ನುವುದು, ದೇವರಿಗೆ ‘ದೌ’ ಎನ್ನುವುದು: ನೀನು–ನೀವು ಗೊತ್ತಿರುವವರಿಗೆ ಇದರಲ್ಲಿ ವಿವರಿಸಬೇಕಾದ್ದು ಏನೂ ಇಲ್ಲ. ಕ್ರಿಯಾಪದವೂ ಇದಕ್ಕೆ ತಕ್ಕಂತೆ ನಡೆಯಿತು. ಒಬ್ಬನಿಗೆ ‘ನೀವು ಬಂದಿರಿ’ ಎನ್ನುವ ಹಾಗೆ, ಒಬ್ಬನಿಗೇ ‘ಯೂ ಆರ್’ ಎಂದರು. ಕ್ರಿಯಾಪದ ತಲೆ ಎಣಿಸಲಿಲ್ಲ; ಸರ್ವನಾಮದ ರೂಪ ನೋಡಿ ಹೊಂದಿಕೊಂಡಿತು.

‘ಯೀ’ ಕರ್ತೃರೂಪ, ‘ಯೂ’ ಕರ್ಮರೂಪ ಎಂಬ ಭೇದವೂ ಮೊದಲು ಇತ್ತು. 16ನೇ ಶತಮಾನದಲ್ಲಿ ‘ಯೂ’ ಎರಡೂ ಜಾಗ ಆಕ್ರಮಿಸಿತು. ಬೈಬಲ್ ಅನುವಾದಿಸಿದ ವಿಲಿಯಂ ಟಿಂಡೇಲ್ ಮತ್ತು ಅವನ ದಾರಿ ಹಿಡಿದ ಕಿಂಗ್ ಜೇಮ್ಸ್ ಬೈಬಲಿನವರು ಮಾತ್ರ ಗ್ರೀಕ್, ಹೀಬ್ರೂ ಮೂಲಗಳ ವಚನಭೇದವನ್ನು ತೋರಿಸಲು ‘ದೌ’ ಮತ್ತು ಅದರ ಕರ್ಮರೂಪವಾದ ‘ದೀ’ಗಳನ್ನು ಏಕವಚನಕ್ಕೂ ‘ಯೀ’, ‘ಯೂ’ಗಳನ್ನು ಬಹುವಚನಕ್ಕೂ ಕಟ್ಟುನಿಟ್ಟಾಗಿ ಬಳಸಿದರು. ಇಂದಿನ ಓದುಗರಿಗೆ ಬೈಬಲಿನ ‘ದೌ’ ಭಕ್ತಿಯ, ಗೌರವದ ಪದದಂತೆ ಕೇಳುವುದು ಹಿಂದುಮುಂದಾದ ಗ್ರಹಿಕೆ. ಅಲ್ಲಿ ದೇವರಿಗೂ ‘ದೌ’, ಸೈತಾನನಿಗೂ ‘ದೌ’. ಒಬ್ಬ ಎಂಬುದಷ್ಟೇ ಅದರ ಅರ್ಥ.

‘ದೌ’ ಎಂಬುದು ಬೈಗುಳವೂ ಆಗಬಲ್ಲುದು ಎಂಬುದಕ್ಕೆ 1603ರ ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ನಡೆದ ವಿಚಾರಣೆ ಹೆಸರಾಂತ ನಿದರ್ಶನ. ರಾಜದ್ರೋಹದ ಆರೋಪ ಹೊತ್ತು ನಿಂತ ಸರ್ ವಾಲ್ಟರ್ ರಾಲಿಯನ್ನು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ಬೇಕೆಂದೇ ‘ದೌ’ ಎಂದು ಕರೆದ, ಹಾಗೆ ಕರೆಯುತ್ತಿರುವುದನ್ನು ಎತ್ತಿಯೂ ಹೇಳಿದ. ಕನ್ನಡ ಪತ್ರಿಕೆಗಳು ಜಗಳದ ವರದಿಯಲ್ಲಿ ‘ಏಕವಚನದಲ್ಲಿ ನಿಂದಿಸಿದರು’ ಎಂದು ಬರೆಯುವಾಗ ವ್ಯಾಕರಣದ ಪರಿಭಾಷೆ ಅವಮಾನದ ಹೆಸರಾಗಿರುತ್ತದೆ. ಆ ಕಾಲದ ಇಂಗ್ಲಿಷಿನಲ್ಲಿ ಅದೇ ಅರ್ಥಕ್ಕೆ ‘ದೌ’ ಎಂಬುದನ್ನೇ ಕ್ರಿಯಾಪದವಾಗಿ ಬಳಸುತ್ತಿದ್ದರು.

ಈ ಮರ್ಯಾದೆಯ ಏಣಿಯನ್ನೇ ಒಪ್ಪದವರು ಕ್ವೇಕರರು. 1650ರ ದಶಕದಲ್ಲಿ ಉತ್ತರ ಇಂಗ್ಲೆಂಡಿನಿಂದ ಹರಡಿದ ಈ ಕ್ರೈಸ್ತ ಪಂಥದ ಮುಂದಾಳು, ನೇಕಾರನ ಮಗನಾದ ಜಾರ್ಜ್ ಫಾಕ್ಸ್. ದೇವರ ಮುಂದೆ ಎಲ್ಲರೂ ಸಮಾನರು ಎಂದ ಮೇಲೆ ಮನುಷ್ಯನ ಮುಂದೆ ಟೋಪಿ ತೆಗೆಯುವುದೂ ಇಲ್ಲ, ಒಬ್ಬನಿಗೆ ಬಹುವಚನ ಹೇಳಿ ಹೊಗಳುವುದೂ ಇಲ್ಲ ಎಂಬುದು ಅವರ ನಿಲುವು. ಒಬ್ಬನಿಗೆ ‘ಯೂ’ ಎನ್ನುವುದು ಅಹಂಕಾರವನ್ನು ಉಬ್ಬಿಸುವ ಕೆಲಸ, ಜೊತೆಗೆ ಅದು ಸುಳ್ಳು ಕೂಡ. ಒಬ್ಬನಿರುವಲ್ಲಿ ಹಲವರನ್ನು ಹೇಳಿದಂತೆ. ಹೀಗಾಗಿ ನ್ಯಾಯಾಧೀಶನಿಗೂ ‘ದೌ’, ಜಮೀನುದಾರನಿಗೂ ‘ದೌ’. ಇದಕ್ಕಾಗಿ ಹೊಡೆತ ತಿಂದವರು, ಸೆರೆಮನೆ ಕಂಡವರು ಬಹಳ. ಕವಿ ಮಿಲ್ಟನ್ನನಿಗೆ ಓದಿ ಹೇಳುತ್ತಿದ್ದ ಥಾಮಸ್ ಎಲ್ವುಡ್ ತನ್ನ ಆತ್ಮಕಥೆಯಲ್ಲಿ, ತಂದೆಗೆ ‘ದೌ’ ಎಂದದ್ದಕ್ಕೆ ಮನೆಯಲ್ಲೇ ಏಟು ಬೀಳುವ ಬೆದರಿಕೆ ಎದುರಿಸಿದ್ದನ್ನು ಬರೆದಿದ್ದಾನೆ.

1660ರಲ್ಲಿ ಫಾಕ್ಸ್, ಜಾನ್ ಸ್ಟಬ್ಸ್ ಮತ್ತು ಬೆಂಜಮಿನ್ ಫರ್ಲಿ ಸೇರಿ ಒಂದು ವಿಲಕ್ಷಣ ಗ್ರಂಥ ಪ್ರಕಟಿಸಿದರು. ಪಂಡಿತರಿಗೂ ಬೋಧಕರಿಗೂ ಏಕವಚನ, ಬಹುವಚನ ಕಲಿಸುವ ಪಾಠಪುಸ್ತಕ ಎಂಬ ಅರ್ಥದ ಉದ್ದ ಹೆಸರು ಅದಕ್ಕೆ. ಮಕ್ಕಳಿಗೆ ಅಕ್ಷರ ಕಲಿಸುವ ಹಿಡಿಹಲಗೆಯ ಚಿತ್ರದ ಚೌಕಟ್ಟಿನೊಳಗೆ ಪಾಠಗಳನ್ನು ಅಚ್ಚುಹಾಕಿ, ವಿದ್ವಾಂಸರನ್ನು ಎಳೆಮಕ್ಕಳ ಸಾಲಿನಲ್ಲಿ ಕೂರಿಸಿದ್ದರು. ಲ್ಯಾಟಿನ್, ಗ್ರೀಕ್, ಹೀಬ್ರೂ ಸೇರಿ ಮೂವತ್ತಕ್ಕೂ ಹೆಚ್ಚು ಭಾಷೆಗಳಿಂದ ಉದಾಹರಣೆ ತಂದು, ಒಬ್ಬನಿಗೆ ಏಕವಚನವೇ ಸಹಜ ಎಂದು ಸಾಧಿಸುವುದು ಉದ್ದೇಶ. ತರ್ಕದ ದೃಷ್ಟಿಯಿಂದ ಅವರ ವಾದ ದೋಷವಿಲ್ಲದ್ದು. ಹಾಗಿದ್ದೂ ಸೋತಿತು.

ಸೋತ ಬಗೆಯಲ್ಲಿ ಒಂದು ವ್ಯಂಗ್ಯವಿದೆ. 17ನೇ ಶತಮಾನದ ಕೊನೆಗೆ ಲಂಡನ್ನಿನ ಸಾಮಾನ್ಯ ಮಾತಿನಿಂದ ‘ದೌ’ ಹೆಚ್ಚುಕಡಿಮೆ ಮಾಯವಾಯಿತು. ಅಪರಿಚಿತರೇ ತುಂಬಿದ, ಯಾರು ಯಾವ ದರ್ಜೆಯವರೆಂದು ಬಟ್ಟೆ ನೋಡಿ ಹೇಳಲಾಗದ ನಗರದಲ್ಲಿ ಎಲ್ಲರಿಗೂ ‘ಯೂ’ ಎನ್ನುವುದು ಅಪಾಯವಿಲ್ಲದ ದಾರಿ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಕಾರಣ. ಕ್ವೇಕರರು ಬಯಸಿದ್ದ ಸಮಾನತೆ ಬಂತು, ಅವರು ದ್ವೇಷಿಸಿದ ಬಹುವಚನದ ಮೂಲಕ. ಎಲ್ಲರನ್ನೂ ಕೆಳಗಿಳಿಸಿ ಸಮಮಾಡಬೇಕೆಂದಿದ್ದರು ಅವರು. ಇಂಗ್ಲಿಷ್ ಎಲ್ಲರನ್ನೂ ಮೇಲೇರಿಸಿ ಸಮಮಾಡಿತು. ಅವರದೇ ಬಾಯಲ್ಲೂ ವ್ಯಾಕರಣ ಕೈಕೊಟ್ಟಿತು. ಅಮೆರಿಕದ ಕ್ವೇಕರ್ ಮನೆಗಳಲ್ಲಿ ಕರ್ತೃವಾಗಿ ‘ದೌ’ ಬದಲು ಕರ್ಮರೂಪದ ‘ದೀ’ ರೂಢಿಗೆ ಬಂತು. ಅದರ ಕ್ರಿಯಾಪದವಾಗಿ ‘ಎಸ್ಟ್’ ಬದಲು ಪ್ರಥಮ ಪುರುಷದ ‘ಸ್’ ಹಿಡಿದುಕೊಂಡು ‘ದೀ ಇಸ್’, ‘ದೀ ಹ್ಯಾಸ್’ ಎಂಬ ರೂಪಗಳು ಬಳಕೆಗೆ ಬಂದವು. ಫಿಲಡೆಲ್ಫಿಯ ಸುತ್ತಿನ ಕೆಲವು ಕುಟುಂಬಗಳಲ್ಲಿ 20ನೇ ಶತಮಾನದಲ್ಲೂ ಇದು ಕೇಳಿಬರುತ್ತಿತ್ತು. ಇಂಗ್ಲೆಂಡಿನ ಯಾರ್ಕ್‌ಶೈರ್ ಹಳ್ಳಿಗಳಲ್ಲಿ ‘ದಾ’, ‘ದೀ’ ಆಪ್ತರ ನಡುವಿನ ಮಾತಾಗಿ ಉಳಿದವು.

‘ಯೂ’ ಎಲ್ಲರದೂ ಆದ ಮೇಲೆ ಒಬ್ಬರೋ ಹಲವರೋ ಎಂಬ ಗೊಂದಲ ಹುಟ್ಟುವುದು ಅನಿವಾರ್ಯ. 18ನೇ ಶತಮಾನದ ಇಂಗ್ಲಿಷ್ ಅದಕ್ಕೆ ಒಂದು ಜಾಣ ಪರಿಹಾರ ಕಂಡುಕೊಂಡಿತ್ತು: ಒಬ್ಬನಾದರೆ ‘ಯೂ ವಾಸ್’, ಹಲವರಾದರೆ ‘ಯೂ ವರ್’. ಸರ್ವನಾಮ ಕಳೆದುಕೊಂಡ ವಚನವನ್ನು ಕ್ರಿಯಾಪದ ತುಂಬಿಕೊಟ್ಟಂತಾಯಿತು. ಇದು ಓದು ಬಾರದವರ ಮಾತೇನೂ ಅಲ್ಲ. ಆ ಕಾಲದ ಸುಶಿಕ್ಷಿತರ ಪತ್ರಗಳಲ್ಲಿ ಧಾರಾಳವಾಗಿ ಸಿಗುತ್ತದೆ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ತನ್ನ ‘ಇಂಗ್ಲಿಷ್ ವ್ಯಾಕರಣಕ್ಕೆ ಕಿರು ಪ್ರವೇಶ’ದಲ್ಲಿ ಇದನ್ನು ಘೋರ ತಪ್ಪು ಎಂದು ಖಂಡಿಸಿದ. ಹೀಬ್ರೂ ಕಾವ್ಯದ ಮೇಲೆ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸ ಕೊಟ್ಟಿದ್ದ, ಮುಂದೆ ಲಂಡನ್ನಿನ ಬಿಷಪ್ ಆದ ಲೌತನ ಮಾತಿಗೆ ತೂಕವಿತ್ತು. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 1789ರಲ್ಲಿ, ಒಬ್ಬನಿಗೆ ಹೇಳುವ ‘ಯೂ’ ಏಕವಚನವೇ ಆದ್ದರಿಂದ ‘ಯೂ ವಾಸ್’ ಸರಿ ಎಂದು ವಾದಿಸಿದರೂ ಪ್ರಯೋಜನವಾಗಲಿಲ್ಲ. 19ನೇ ಶತಮಾನದಲ್ಲಿ ‘ಯೂ ವಾಸ್’ ಅಶಿಕ್ಷಿತರ ಗುರುತಾಗಿ ಇಳಿದುಹೋಯಿತು.

ಲೌತ್ ಹಾಕಿದ ದಾರಿಯನ್ನು ಶಾಲೆಗಳಿಗೆ ಮುಟ್ಟಿಸಿದವನು ಲಿಂಡ್ಲೆ ಮರ್ರೆ. ಪೆನ್ಸಿಲ್ವೇನಿಯದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವಕೀಲನಾಗಿದ್ದು, ಇಂಗ್ಲೆಂಡಿನ ಯಾರ್ಕಿಗೆ ಬಂದು ನೆಲೆಸಿದವನು, ಧರ್ಮದಲ್ಲಿ ಕ್ವೇಕರ್. ಅಲ್ಲಿನ ಕ್ವೇಕರ್ ಹೆಣ್ಣುಮಕ್ಕಳ ಶಾಲೆಗಾಗಿ 1795ರಲ್ಲಿ ಅವನು ಬರೆದ ವ್ಯಾಕರಣ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ಹೊಸದನ್ನು ಹೇಳುವುದಕ್ಕಿಂತ ಹಿಂದಿನವರಿಂದ, ಅದರಲ್ಲೂ ಲೌತನಿಂದ, ಎತ್ತಿಕೊಂಡದ್ದೇ ಅದರಲ್ಲಿ ಹೆಚ್ಚು. ಮುಂದೆ ಭಾರತದ ಶಾಲೆಗಳಲ್ಲಿ ತಲೆಮಾರುಗಳನ್ನು ತಿದ್ದಿದ ರೆನ್ ಮತ್ತು ಮಾರ್ಟಿನ್ ಪುಸ್ತಕವೂ ಇದೇ ಪರಂಪರೆಯ ಕೂಸು.

ಈ ಪರಂಪರೆಯ ದ್ವಂದ್ವ ಬಯಲಾಗುವುದು ‘ದೇ’ ವಿಷಯದಲ್ಲಿ. ಹೆಣ್ಣೋ ಗಂಡೋ ಗೊತ್ತಿಲ್ಲದ ಅಥವಾ ಹೇಳಬೇಕಾಗಿಲ್ಲದ ಒಬ್ಬ ವ್ಯಕ್ತಿಗೆ ‘ದೇ’ ಎನ್ನುವುದು ಇಂಗ್ಲಿಷಿನಲ್ಲಿ ಹಳೆಯ ಬಳಕೆ. ಫ್ರೆಂಚಿನಿಂದ ಅನುವಾದಗೊಂಡ ‘ವಿಲಿಯಂ ಮತ್ತು ತೋಳಮಾನವ’ ಎಂಬ 1375ರ ಸುಮಾರಿನ ಕಥನಕಾವ್ಯದಲ್ಲಿ ‘ಪ್ರತಿಯೊಬ್ಬ’ ಎಂಬ ಅರ್ಥದ ಪದವನ್ನು ‘ದೇ’ ಹಿಂಬಾಲಿಸುತ್ತದೆ. ಚಾಸರ್, ಶೇಕ್ಸ್‌ಪಿಯರ್, ಜೇನ್ ಆಸ್ಟಿನ್ ಎಲ್ಲರಲ್ಲೂ ಅದು ಇದೆ. ಕನ್ನಡದ ಕಿವಿಗೆ ಇದು ಸಹಜ; ಬಾಗಿಲು ತಟ್ಟಿದ ಸದ್ದಾದಾಗ ‘ಯಾರು ಬಂದರು?’ ಎನ್ನುವಾಗ ಬಂದವರು ಒಬ್ಬರೇ ಇರಬಹುದು, ಹೆಣ್ಣೋ ಗಂಡೋ ತಿಳಿಯದು, ಆದರೂ ಕ್ರಿಯಾಪದ ಬಹುವಚನದ್ದು. ಲಿಂಡ್ಲೆ ಮರ್ರೆ ತನ್ನ ಅಭ್ಯಾಸಪಾಠಗಳಲ್ಲಿ ‘ಎನಿಒನ್’ ಜೊತೆ ಬಂದ ‘ದೆರ್’, ‘ದೇ’ಗಳನ್ನು ತಪ್ಪೆಂದು ತೋರಿಸಿ ‘ಹಿಸ್’, ‘ಹೀ’ ಎಂದು ತಿದ್ದಿಸಿದ. ಸಂಖ್ಯೆ ಒಂದು, ಸರ್ವನಾಮ ಬಹುವಚನ, ಹೊಂದುವುದಿಲ್ಲ ಎಂಬುದು ಕಾರಣ. ‘ಯೂ ವಾಸ್’ ವಿಷಯದಲ್ಲಿ ರೂಪ ಮುಖ್ಯ, ಎಣಿಕೆ ಬೇಡ ಎಂದ ವ್ಯಾಕರಣಕಾರರು ‘ದೇ’ ವಿಷಯದಲ್ಲಿ ಎಣಿಕೆಯೇ ಮುಖ್ಯ ಎಂದರು. ‘ಹೀ’ ಹೆಂಗಸರನ್ನೂ ಒಳಗೊಳ್ಳುತ್ತದೆ ಎಂಬ ಸೂತ್ರ ಅಷ್ಟು ಹೊತ್ತಿಗೆ ಅಚ್ಚಾಗಿತ್ತು; ಅದನ್ನು ಮೊದಲಿಗೆ ಹೇಳಿದವರಲ್ಲಿ ಒಬ್ಬಳು 1740ರ ದಶಕದ ನ್ಯೂಕ್ಯಾಸಲ್‌ನ ಶಾಲಾ ಶಿಕ್ಷಕಿ ಆನ್ ಫಿಶರ್ ಎಂಬುದು ವಿಚಿತ್ರ.

ಈ ಸೂತ್ರ ಕಾನೂನಿಗೂ ಹತ್ತಿತು. ಬ್ರಿಟಿಷ್ ಸಂಸತ್ತು ಕಾಯಿದೆಗಳ ಭಾಷೆಯನ್ನು ಮೊಟಕುಗೊಳಿಸಲು 1850ರಲ್ಲಿ ಒಂದು ಕಾಯಿದೆ ತಂದು, ಪುಲ್ಲಿಂಗ ಪದಗಳು ಸ್ತ್ರೀಯರನ್ನೂ, ಏಕವಚನ ಬಹುವಚನವನ್ನೂ, ಬಹುವಚನ ಏಕವಚನವನ್ನೂ ಒಳಗೊಳ್ಳುತ್ತವೆ ಎಂದು ವಿಧಿಸಿತು. ಇದನ್ನು ನಂಬಿ ಮ್ಯಾಂಚೆಸ್ಟರಿನ ಐದು ಸಾವಿರಕ್ಕೂ ಹೆಚ್ಚು ಹೆಂಗಸರು, 1867ರ ಸುಧಾರಣಾ ಕಾಯಿದೆಯಲ್ಲಿರುವ ‘ಮ್ಯಾನ್’ ಪದ ತಮ್ಮನ್ನೂ ಸೇರಿಸುತ್ತದೆ ಎಂದು ಮತದಾರರ ಪಟ್ಟಿಗೆ ಅರ್ಜಿ ಹಾಕಿದರು. 1868ರ ಚಾರ್ಲ್ಟನ್–ಲಿಂಗ್ಸ್ ಪ್ರಕರಣದಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತೆರಿಗೆ, ದಂಡ, ಸೆರೆವಾಸದ ಕಾನೂನುಗಳಲ್ಲಿ ಹೆಂಗಸರನ್ನು ಒಳಗೊಂಡಿದ್ದ ಪುಲ್ಲಿಂಗ ಮತದ ವಿಷಯದಲ್ಲಿ ಅವರನ್ನು ಹೊರಗಿಟ್ಟಿತು. 1850ರ ಕಾಯಿದೆಯ ಅದೇ ನಿಯಮ ಭಾರತದ 1897ರ ಜನರಲ್ ಕ್ಲಾಸಸ್ ಕಾಯಿದೆಯ 13ನೇ ಸೆಕ್ಷನ್ನಿನಲ್ಲಿ ಇಂದಿಗೂ ಇದೆ. ಮೈಸೂರು ಸಂಸ್ಥಾನ 1899ರಲ್ಲಿ ತನ್ನದೇ ಜನರಲ್ ಕ್ಲಾಸಸ್ ಕಾಯಿದೆ ಮಾಡಿಕೊಂಡಿತು. ಅದು ಈಗ ಕರ್ನಾಟಕದ ಹೆಸರಿನಲ್ಲಿ ಮುಂದುವರಿದಿದೆ.

‘ಹೀ’ ಸಾಲದು, ‘ದೇ’ ತಪ್ಪು ಎಂಬ ಇಕ್ಕಟ್ಟಿನಿಂದ ಪಾರಾಗಲು ಹೊಸ ಸರ್ವನಾಮ ಹುಟ್ಟಿಸಿದವರೂ ಉಂಟು. ಅಮೆರಿಕದ ವಕೀಲ ಮತ್ತು ಸಂಗೀತ ಸಂಯೋಜಕ ಚಾರ್ಲ್ಸ್ ಕ್ರೊಜಾಟ್ ಕಾನ್ವರ್ಸ್ 1858ರಲ್ಲಿ ಕಟ್ಟಿ 1884ರಲ್ಲಿ ಪ್ರಕಟಿಸಿದ ‘ದಾನ್’ ಎಂಬ ಪದ 1934ರ ವೆಬ್‌ಸ್ಟರ್ ನಿಘಂಟನ್ನೂ ಸೇರಿತು. ಯಾರೂ ಬಳಸದೆ 1961ರ ಆವೃತ್ತಿಯಲ್ಲಿ ಬಿದ್ದುಹೋಯಿತು.

ಬಹುವಚನದ ‘ಯೂ’ಗೆ ಬದಲಿ ಹುಡುಕುವ ಕೆಲಸ ಮಾತ್ರ ಪಂಡಿತರಿಲ್ಲದೆ ನಡೆಯಿತು. ನೀನು, ನೀವು ಎಂಬ ಭೇದವಿರುವ ಐರಿಷ್ ಭಾಷೆಯಿಂದ ಇಂಗ್ಲಿಷಿಗೆ ಹೊರಳಿದ ಐರ್ಲೆಂಡಿನವರು ‘ಯೀ’, ‘ಯೂಸ್’ ರೂಪಗಳನ್ನು ಬಹುವಚನಕ್ಕೆ ಇಟ್ಟುಕೊಂಡರು. ಅಮೆರಿಕದ ದಕ್ಷಿಣದಲ್ಲಿ ‘ಯಾಲ್’, ಪಿಟ್ಸ್‌ಬರ್ಗಿನಲ್ಲಿ ‘ಯಿನ್ಸ್’, ಉಳಿದ ಕಡೆ ‘ಯೂ ಗೈಸ್’. ‘ನೀವೆಲ್ಲ’ ಎಂದು ಹೇಳಿ ರೂಢಿಯಾದ ಭಾರತೀಯರ ಇಂಗ್ಲಿಷಿನಲ್ಲಿ ‘ಯೂ ಆಲ್’, ‘ಯೂ ಪೀಪಲ್’ ಓಡಾಡುತ್ತವೆ.

ನಾಮಪದಗಳ ಹೊಂದಾಣಿಕೆಯಲ್ಲೂ ಎಣಿಕೆಗಿಂತ ನೋಟ ಮುಖ್ಯವಾದದ್ದುಂಟು. ಸರ್ಕಾರ, ತಂಡ, ಸಮಿತಿ ಮುಂತಾದ ಸಮೂಹವಾಚಕಗಳಿಗೆ ಅಮೆರಿಕದವರು ‘ಇಸ್’ ಎನ್ನುವಲ್ಲಿ ಬ್ರಿಟನ್ನಿನವರು ‘ಆರ್’ ಎನ್ನಲು ಹಿಂಜರಿಯುವುದಿಲ್ಲ. ಭಾರತದ ಪತ್ರಿಕೆಗಳ ಕ್ರಿಕೆಟ್ ವರದಿಗಳಲ್ಲಿ ದೇಶದ ಹೆಸರಿಗೆ ಬಹುವಚನದ ಕ್ರಿಯಾಪದ ಬರುವುದು ಈ ಬ್ರಿಟಿಷ್ ರೂಢಿಯಿಂದ. ಅಮೆರಿಕದ ಸ್ವಂತ ಹೆಸರೇ ಒಂದು ಕಾಲದಲ್ಲಿ ಬಹುವಚನವಾಗಿತ್ತು. ಸಂವಿಧಾನದ ರಾಜದ್ರೋಹದ ವಿಧಿಯಲ್ಲೂ, ಗುಲಾಮಗಿರಿ ಅಳಿಸಿದ 1865ರ 13ನೇ ತಿದ್ದುಪಡಿಯಲ್ಲೂ ಯುನೈಟೆಡ್ ಸ್ಟೇಟ್ಸ್‌ಗೆ ‘ದೆಮ್’, ‘ದೆರ್’ ಸರ್ವನಾಮಗಳೇ ಬಂದಿವೆ. ಅಂತರ್ಯುದ್ಧ ಮುಗಿದ ದಿನವೇ ‘ಆರ್’ ಹೋಗಿ ‘ಇಸ್’ ಬಂತು ಎಂಬ ಜನಪ್ರಿಯ ಮಾತು ಅತಿಸರಳ. ಬದಲಾವಣೆಗೆ ದಶಕಗಳು ಹಿಡಿದವು. 1902ರಲ್ಲಿ ಪ್ರತಿನಿಧಿ ಸಭೆಯ ಕಾನೂನು ಪರಿಷ್ಕರಣ ಸಮಿತಿ ದೇಶದ ಹೆಸರನ್ನು ಏಕವಚನವಾಗಿ ಬಳಸಬೇ‌ಕೆಂದು ತೀರ್ಮಾನಿಸಿತು.

20ನೇ ಶತಮಾನದ ಕೊನೆಯ ದಶಕಗಳಲ್ಲಿ ಸ್ತ್ರೀವಾದಿಗಳು ‘ಹೀ’ ಎಲ್ಲರನ್ನೂ ಒಳಗೊಳ್ಳುತ್ತದೆ ಎಂಬ ಸೂತ್ರವನ್ನು ಪ್ರಶ್ನಿಸಿದ ಮೇಲೆ ಏಕವಚನದ ‘ದೇ’ ಬರವಣಿಗೆಗೆ ಮರಳತೊಡಗಿತು. ವಾಷಿಂಗ್ಟನ್ ಪೋಸ್ಟ್ 2015ರಲ್ಲಿ, ಅಸೋಸಿಯೇಟೆಡ್ ಪ್ರೆಸ್ 2017ರಲ್ಲಿ ಮಿತವಾಗಿ ಅದಕ್ಕೆ ಒಪ್ಪಿಗೆ ಕೊಟ್ಟವು. ತಮ್ಮನ್ನು ಹೆಣ್ಣು ಅಥವಾ ಗಂಡು ಎಂದು ಗುರುತಿಸಿಕೊಳ್ಳದವರು ತಮ್ಮ ಸರ್ವನಾಮವಾಗಿ ‘ದೇ’ ಆರಿಸಿಕೊಂಡಾಗ ಬಳಕೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೊದಲು ಅದು ಯಾರೆಂದು ತಿಳಿಯದವರಿಗೆ ಸಲ್ಲುತ್ತಿತ್ತು. ಈಗ ಹೆಸರಿರುವ, ಎದುರಿಗಿರುವ ವ್ಯಕ್ತಿಗೂ ಸಲ್ಲುತ್ತದೆ. ಈ ಅರ್ಥವನ್ನು ಮೆರಿಯಂ-ವೆಬ್‌ಸ್ಟರ್ ನಿಘಂಟು 2019ರಲ್ಲಿ ಸೇರಿಸಿ, ‘ದೇ’ಯನ್ನೇ ಆ ವರ್ಷದ ಪದವೆಂದು ಘೋಷಿಸಿತು. ಅಮೆರಿಕದ ಮನಶ್ಶಾಸ್ತ್ರ ಸಂಘದ ಶೈಲಿ ಕೈಪಿಡಿಯ ಏಳನೇ ಆವೃತ್ತಿಯೂ ಅದೇ ವರ್ಷ ಅದನ್ನು ಪುರಸ್ಕರಿಸಿತು.

ಕ್ರಿಯಾಪದ ಈ ಸಲವೂ ರೂಪವನ್ನೇ ಅನುಸರಿಸಿದೆ. ಒಬ್ಬ ವ್ಯಕ್ತಿಯ ಹೆಸರು ಕರ್ತೃವಾದಾಗ ‘ಇಸ್’, ಮುಂದಿನ ವಾಕ್ಯದಲ್ಲಿ ಅದೇ ವ್ಯಕ್ತಿ ‘ದೇ’ ಆದಾಗ ‘ಆರ್’. ‘ದೇ ಇಸ್’ ಎಂಬುದನ್ನು ಪ್ರಮುಖ ಕೈಪಿಡಿಗಳು ಒಪ್ಪುವುದಿಲ್ಲ. ಆತ್ಮಾರ್ಥಕ ರೂಪದಲ್ಲಿ ಮಾತ್ರ ವಿವಾದ ತೀರಿಲ್ಲ. ‘ಯೂ’ ಒಬ್ಬರಾದರೆ ‘ಯುವರ್‌ಸೆಲ್ಫ್’, ಹಲವರಾದರೆ ‘ಯುವರ್‌ಸೆಲ್ವ್ಸ್’ ಎಂದು ವಚನಭೇದ ಅಲ್ಲಿ ಉಳಿದಿದೆ. ಅದೇ ಜಾಡಿನಲ್ಲಿ ಒಬ್ಬ ವ್ಯಕ್ತಿಯ ‘ದೇ’ಗೆ ‘ದೆಮ್‌ಸೆಲ್ಫ್’ ಎಂಬ ರೂಪ ಮತ್ತೆ ಕಾಣಿಸಿಕೊಂಡಿದೆ. ಅದು 14ನೇ ಶತಮಾನದಿಂದಲೇ ಬಳಕೆಯಲ್ಲಿದ್ದು, 16ನೇ ಶತಮಾನದಲ್ಲಿ ‘ದೆಮ್‌ಸೆಲ್ವ್ಸ್’ ಎದುರು ಹಿಂದೆ ಸರಿದಿದ್ದ ರೂಪ. ನಿಘಂಟುಗಳು ಈಗ ಅದನ್ನು ಪಟ್ಟಿಮಾಡುತ್ತವೆ. ಹಲವು ಸಂಪಾದಕರು ಇನ್ನೂ ‘ದೆಮ್‌ಸೆಲ್ವ್ಸ್’ ಎಂದೇ ತಿದ್ದುತ್ತಾರೆ.